ಸುಟ್ಟ ತಂತಿ ತೂಗಿ ಕೊಡುವ ಅಂಗಡಿ

ಕುಷ್ಟಗಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಕೆಲಸ ಕಲಿತದ್ದು ಗಂಗಾವತಿಯಲ್ಲಿ, ಅಕ್ಕಿ ಗಿರಣಿಗಳ ಮೋಟರ್ ಕಟ್ಟುತ್ತಿದ್ದ ಉಸ್ತಾದರೊಬ್ಬರ ಕೈಕೆಳಗೆ. ಈಗ ಐಟಿಐ ಮುಗಿಸಿದ ಹುಡುಗರು ಬಂದು, ‘ಅಣ್ಣಾ, ನಮ್ಮದೂ ಒಂದು ಬ್ರ್ಯಾಂಡ್ ಆಗಬೇಕು, ಹೆಂಗ ಮಾಡೂದ್ರಿ?’ ಎಂದು ಕೇಳುತ್ತಾರೆ. ನಮ್ಮ ಕಡೆ ಅದಕ್ಕೆ ಹೆಸರು ಅನ್ನುತ್ತೇವೆ. ಹೆಸರಿಲ್ಲದವನ ಕೈಗೆ ರೈತ ಬೋರಿನ ಮೋಟರ್ ಕೊಡುವುದಿಲ್ಲ. ಆ ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಮುಚ್ಚಿದ ಮೇಲೆ ಕಾಣದ ಕೆಲಸದಲ್ಲೇ ಹೆಸರು ಇರುವುದು

ಕಟ್ಟಿ ಮುಚ್ಚಿದ ಮೋಟರಿನೊಳಗೆ ಯಾವ ತಂತಿ ಇದೆಯೆಂದು ರೈತನಿಗೆ ತಿಳಿಯದು. ತಾಮ್ರದ ದುಡ್ಡು ತೆಗೆದುಕೊಂಡು ಅಲ್ಯೂಮಿನಿಯಂ ಸುತ್ತಿ ಕೊಟ್ಟರೂ ಮೋಟರ್ ಅಂದು ತಿರುಗುತ್ತದೆ. ಅದೇ ಗೇಜಿನ ಅಲ್ಯೂಮಿನಿಯಂಗೆ ತಾಮ್ರದ ನೂರಕ್ಕೆ ಸುಮಾರು ಅರವತ್ತು ಭಾಗದಷ್ಟೇ ವಿದ್ಯುತ್ ಒಯ್ಯುವ ಶಕ್ತಿ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಬೈಗುಳ ಮಾತ್ರ ಕರೆಂಟಿನವರಿಗೆ.

ಸುಟ್ಟ ತಾಮ್ರವನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಕೆಲವು ಅಂಗಡಿಗಳಲ್ಲಿ ಅದು ಸದ್ದಿಲ್ಲದೆ ಮೇಸ್ತ್ರಿಯ ಪಾಲಾಗುತ್ತದೆ. ನಮ್ಮ ಉಸ್ತಾದರು ಹಳೆಯ ತಂತಿಯನ್ನು ಗಿರಾಕಿಯ ಎದುರೇ ತೂಗುತ್ತಿದ್ದರು: ‘ತಗೊಂಡು ಹೋಗ್ರಿ, ಇಲ್ಲಾ ಮಜೂರಿ ಒಳಗ ಮುರ್ಕೊಂತೀನಿ.’ ಹೊಸ ತಂತಿಯನ್ನೂ ತೋರಿಸಿ, ತೂಗಿ, ಆಮೇಲೆಯೇ ಸುತ್ತಲು ಕೂರುತ್ತಿದ್ದರು. ನನ್ನ ಅಂಗಡಿಯಲ್ಲಿ ಮೊದಲು ಕೊಂಡ ಸಾಮಾನು ತಕ್ಕಡಿ.

ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಹೋದಾಗೆಲ್ಲ ಈ ಕಾಣದ ಕೆಲಸದ ಮಾತು ನೆನಪಾಗುತ್ತದೆ. ಅಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದ ಕಿಟ್ಟವನ್ನು ಗೊಂಬೆಯ ಹಗುರ ಮರಕ್ಕೆ ಮೆತ್ತುತ್ತಾರೆ. ಬಣ್ಣ ಕೊನೆಗೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ, ಗೊಂಬೆಯ ಬಾಳಿಕೆ ಇರುವುದು ಅದರಡಿಯ ಕಿಟ್ಟದಲ್ಲಿ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಆಮೇಲೆ. ಅದಕ್ಕೆ ಮೊದಲೇ ಗೊಂಬೆಗೆ ಊರಿನ ಹೆಸರು ಅಂಟಿಕೊಂಡಿತ್ತು.

2. ಬೋರ್ಡಿನ ಮೇಲೆ ನಿಮ್ಮ ಊರು ಇರಲಿ

ಪಂಪ್ ಕಂಪನಿಯೊಂದರವರು ಬಂದು ಪುಕ್ಕಟೆ ಬೋರ್ಡ್ ಹಾಕಿಕೊಡುತ್ತೇವೆ ಅಂದರು. ಅವರ ಹೆಸರು ಮೊಳದುದ್ದ, ನನ್ನದು ಕೆಳಗೆ ಮೂಲೆಯಲ್ಲಿ. ಬೇಡ ಅಂದೆ. ನಾಳೆ ಆ ಕಂಪನಿಯ ಮೋಟರಿನ ಬಗ್ಗೆ ಇದ್ದದ್ದು ಇದ್ದಂತೆ ಹೇಳಬೇಕಾದರೆ ನನ್ನ ನಾಲಿಗೆ ನನ್ನದಾಗಿರಬೇಕು. ಊರಿನ ಮಾತಿಗೆ ಬಂದರೆ, ಹಾಸ್ಯ ಭಾಷಣಕಾರ ಪ್ರಾಣೇಶ್ ಅವರು ಎಲ್ಲಿಗೆ ಹೋದರೂ ಗಂಗಾವತಿ ಪ್ರಾಣೇಶ್ ಆಗಿಯೇ ಹೋದರು, ನಮ್ಮ ಮಾತನ್ನು ನಮ್ಮ ಧಾಟಿಯಲ್ಲೇ ಆಡಿದರು. ಊರು ಮುಂದೆ ಇಟ್ಟುಕೊಂಡವನಿಗೆ ಊರಿನ ಭಯವೂ ಇರುತ್ತದೆ. ಅದು ಒಳ್ಳೆಯ ಭಯ.

3. ಸುಟ್ಟದ್ದು ಯಾಕೆಂದು ಹೇಳಿ ಕಳಿಸಿ

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ನೀರು ಮೇಲೆಯೇ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ ಎಂದರೆ ಬೋರು. ಇಲ್ಲಿ ನೀರು ಕೆಳಗಿಳಿದದ್ದು ಗೊತ್ತಾಗದೆ ಮೋಟರ್ ಒಣದಾಗಿ ಓಡುತ್ತದೆ. ತ್ರೀ ಫೇಸಿನಲ್ಲಿ ಒಂದು ಫೇಸ್ ಹೋದರೂ ಸ್ಟಾರ್ಟರಿನ ರಿಲೇ ಬೀಳುವುದಿಲ್ಲ, ಯಾಕೆಂದರೆ ‘ಪದೇ ಪದೇ ಬೀಳ್ತೈತಿ’ ಎಂದು ಯಾರೋ ಅದನ್ನು ತಪ್ಪಿಸಿ ತಂತಿ ಕೊಟ್ಟಿರುತ್ತಾರೆ. ಬಿಚ್ಚಿದಾಗ ಒಂದೆರಡು ಫೇಸಿನ ಕಾಯಿಲ್ ಮಾತ್ರ ಕಪ್ಪಾಗಿವೆಯೋ, ಎಲ್ಲವೂ ಕಪ್ಪಾಗಿವೆಯೋ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಅದನ್ನು ರೈತನಿಗೆ ಹೇಳಿ, ಊರು, ಎಚ್‌ಪಿ, ಸುತ್ತು, ಗೇಜು, ಸುಟ್ಟ ಕಾರಣ ಎಲ್ಲವನ್ನೂ ವಹಿಯಲ್ಲಿ ಬರೆದಿಡುತ್ತೇನೆ. ಈಗ ಹನ್ನೊಂದನೆಯ ವಹಿ ನಡೆದಿದೆ.

4. ತಪ್ಪು ನಿಮ್ಮದಾದರೆ ನಾಲ್ಕು ಮಂದಿಯ ಎದುರು ಹೇಳಿ

2016ರಲ್ಲಿ ಯಲಬುರ್ಗಾ ಕಡೆಯ ದಾಳಿಂಬೆ ತೋಟವೊಂದಕ್ಕೆ ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಕಟ್ಟಿಕೊಟ್ಟೆ. 420 ಅಡಿಗೆ ಇಳಿಸಿದೆವು. ಎಂಟನೆಯ ದಿನ ನಿಂತಿತು. ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಬಹಾರಿಗೆ ಮತ್ತೆ ನೀರು ಬಿಟ್ಟು ಹೂ ಕಟ್ಟುತ್ತಿದ್ದ ಹೊತ್ತು ಅದು.

ಕ್ರೇನ್ ಗಾಡಿ ತರಿಸಿ ಪೈಪು ಎತ್ತಿದೆವು. ಕೇಬಲ್ ಜಾಯಿಂಟಿನೊಳಗೆ ನೀರು ಹೋಗಿತ್ತು. ಟೇಪು ಸುತ್ತಿದ್ದು ನನ್ನ ಕೈ. ಅಂದು ಕತ್ತಲಾಗುತ್ತಿತ್ತೆಂದು ಅವಸರ ಮಾಡಿದ್ದೆ. ಜೊತೆಗಿದ್ದ ಹುಡುಗ ಕಿವಿಯಲ್ಲಿ, ‘ವೋಲ್ಟೇಜ್ ಅಂದ್ಬಿಡ್ರಿ’ ಅಂದ. ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು, ಆ ಲೈನಿನ ವೋಲ್ಟೇಜ್ ಅಷ್ಟು ಕೆಟ್ಟದಾಗಿತ್ತು. ತೋಟದ ಯಜಮಾನರಿಗೆ, ‘ಗೌಡ್ರ, ಮೋಟರಿಂದು ತಪ್ಪಿಲ್ಲ, ಕರೆಂಟಿಂದೂ ಇಲ್ಲ. ಜಾಯಿಂಟ್ ನಂದು’ ಅಂದೆ.

ಕ್ರೇನಿನ ಬಾಡಿಗೆ, ಹೊಸ ಕೇಬಲ್, ರಿವೈಂಡಿಂಗ್, ಎರಡು ದಿನ ಟ್ಯಾಂಕರ್ ನೀರು, ಎಲ್ಲ ನಾನೇ ಕೊಟ್ಟೆ. ಉದುರಿದ ಹೂವನ್ನು ಕೊಡಲಾಗಲಿಲ್ಲ. ಅದು ಈಗಲೂ ಮನಸ್ಸಿನಲ್ಲಿ ಕುಟುಕುತ್ತದೆ. ಗೌಡರು ಒಂದು ವರ್ಷ ನನ್ನ ಅಂಗಡಿ ಹತ್ತಲಿಲ್ಲ, ಅದು ನ್ಯಾಯವೇ. ಆದರೆ ಆ ವರ್ಷ ಅವರ ಪಕ್ಕದ ಹೊಲದವರು ಮೂವರು ಬಂದರು. ಯಾರು ಕಳಿಸಿದರು ಅಂದರೆ, ಗೌಡರ ಹೆಸರನ್ನೇ ಹೇಳಿದರು.

ಅಂದಿನಿಂದ ನಾನು ಹಾಕಿದ ಜಾಯಿಂಟ್ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿರುತ್ತದೆ. ಬೆಳಿಗ್ಗೆ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡಿ, ಆಮೇಲೆ ಬೋರಿಗೆ.

5. ಒಂದು ಕೆಲಸಕ್ಕೆ ಹೆಸರಾಗಿ, ಉಳಿದದ್ದಕ್ಕೆ ದಾರಿ ತೋರಿಸಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟು, ಹೋದದ್ದು ಒಂದು. ಆದರೂ ಭತ್ತ ನಂಬಿದ ಗಂಗಾವತಿ, ಕಾರಟಗಿಯ ಮನೆಗಳಲ್ಲಿ ಯಾರಿಗೂ ನಿದ್ದೆ ಇಲ್ಲ. ಆಗ ಎಲ್ಲರ ಬಾಯಲ್ಲೂ ಬಂದದ್ದು ಒಬ್ಬ ಹಿರಿಯ ಎಂಜಿನಿಯರ್ ಹೆಸರು: ಕನ್ನಯ್ಯ ನಾಯ್ಡು. ಅವರು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿದರು, ಒಂದು ವಾರದಲ್ಲಿ ನೀರು ನಿಂತಿತು. ಬದುಕಿಡೀ ಗೇಟಿನ ಕೆಲಸವನ್ನೇ ಮಾಡಿದವರು ಅವರು, ಹಾಗಾಗಿ ಆ ರಾತ್ರಿ ಹೆಸರು ಹುಡುಕಬೇಕಾಗಲಿಲ್ಲ.

ನಾನು ಪಂಪಿನ ಮೋಟರ್ ಮಾತ್ರ ಕಟ್ಟುತ್ತೇನೆ. ಸೋಲಾರ್ ಡ್ರೈವ್ ಬಂದರೆ ಕೊಪ್ಪಳದ ಒಬ್ಬರ ನಂಬರ್ ಕೊಡುತ್ತೇನೆ. ಕಮಿಷನ್ ಕೇಳುವುದಿಲ್ಲ.

6. ಫೋನಿನಲ್ಲಿ ಹಾಕುವುದಾದರೆ ಉಪಯೋಗಕ್ಕೆ ಬರುವುದನ್ನು ಹಾಕಿ

ಅಕ್ಕನ ಮಗ ಎರಡು ವರ್ಷದಿಂದ ಅಂಗಡಿಯ ವಿಡಿಯೋ ಮಾಡುತ್ತಿದ್ದಾನೆ. ಮೊದಲು ಹಾಡು ಹಾಕಿ, ನಾನು ನಡೆದು ಬರುವುದನ್ನು ತೆಗೆದ. ಅದನ್ನು ಅಳಿಸಿಸಿದೆ. ಈಗ ರಿಲೇ ಎಷ್ಟು ಆಂಪಿಯರಿಗೆ ಇಡಬೇಕು, ಮೋಟರ್ ಗುಂಯ್ ಎಂದು ತಿರುಗದೆ ನಿಂತರೆ ಮೊದಲು ಏನು ಮಾಡಬೇಕು, ಇಂಥದ್ದು. ಮಾತು ನಮ್ಮ ಊರಿನದೇ. ಹನುಮಸಾಗರದಿಂದ ಒಬ್ಬರು ಫೋನ್ ಮಾಡಿ, ‘ನಿಮ್ಮ ವಿಡಿಯೋ ನೋಡಿ ಬಂದ್ ಮಾಡಿದ್ನಿ, ಮೋಟ್ರು ಉಳೀತ್ರಿ’ ಅಂದರು. ಒಂದು ರಿವೈಂಡಿಂಗ್ ಕೈ ತಪ್ಪಿತು, ಸಂತೋಷವೇ ಆಯಿತು.

ಮುಂದಿನ ವಾರ ಜಾಯಿಂಟ್ ಹಾಕುವುದನ್ನು ತೋರಿಸುತ್ತೇವೆ, ಬಕೆಟ್ಟು, ಮೆಗ್ಗರ್ ಸಮೇತ. ಎಲ್ಲಿ ತೆಗೆಯೋಣ ಎಂದು ಹುಡುಗ ಕೇಳಿದ. ಗೌಡರಿಗೆ ಫೋನ್ ಮಾಡಿದೆ. ‘ಬರ್ರಿ, ಅದ ಬೋರ್ ಮುಂದನ ಮಾಡ್ರಿ’ ಅಂದರು.