ತೋಟದ ಜೀಪಿಗೆ ಎತ್ತರದ ಸ್ಪ್ರಿಂಗೋ, ಸ್ಪೇಸರೋ?

ಕಾಫಿ, ಅಡಿಕೆ ಕೊಯ್ಲು ಸಮೀಪಿಸುತ್ತಿದ್ದಂತೆ ತೋಟದ ಗಾಡಿಗಳು ವರ್ಕ್‌ಷಾಪಿನ ಮುಂದೆ ಸಾಲುಗಟ್ಟುವುದು ವಾಡಿಕೆ. ಮಳೆಗೆ ಕೊರೆದುಹೋದ ರಸ್ತೆಯಲ್ಲಿ ಹೊಟ್ಟೆ ತಾಗುತ್ತದೆ, ಹಿಂಭಾಗ ಕುಸಿದು ಕೂತಿದೆ, "ಎರಡಂಗುಲ ಎತ್ತರಿಸಿ ಕೊಡಿ" ಎಂಬುದೇ ಹೆಚ್ಚಿನವರ ಕೋರಿಕೆ. ಮೆಕ್ಯಾನಿಕನೂ ಕೈಗೆ ಸಿಕ್ಕಿದ್ದನ್ನು ಹಾಕಿ ಕಳುಹಿಸುತ್ತಾನೆ. ಆದರೆ ಎತ್ತರಿಸುವ ವಿಧಾನಗಳು ಹಲವು, ಒಂದೊಂದರ ಗುಣದೋಷ ಬೇರೆ ಬೇರೆ. ತನಗೆ ಬೇಕಾದುದು ಯಾವುದೆಂದು ಬೆಳೆಗಾರನೇ ತಿಳಿದು ಕೇಳುವುದು ಮೇಲು.

ಮೊದಲು ನೋಡಬೇಕಾದದ್ದು ನೆಲಕ್ಕೆ ತಾಗುತ್ತಿರುವುದು ಯಾವುದು ಎಂಬುದನ್ನು. ಎರಡೂ ಚಕ್ರಗಳನ್ನು ಒಂದೇ ಆಕ್ಸಲ್ ಕೂಡಿಸುವ ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಡಿಫರೆನ್ಷಿಯಲ್ ಗುಂಡು. ಅದು ಚಕ್ರದೊಡನೆ ನೆಲದ ಮೇಲೆಯೇ ನಿಂತಿರುವುದರಿಂದ ಸ್ಪ್ರಿಂಗಿಗೆ ಏನೇ ಮಾಡಿದರೂ ಕೂದಲೆಳೆಯಷ್ಟೂ ಏಳುವುದಿಲ್ಲ. ಮೇಲೇಳುವುದು ಚಾಸಿಸ್ ಮತ್ತು ಬಾಡಿ ಮಾತ್ರ. ಗುಂಡು ಕಲ್ಲಿಗೆ ಬಡಿಯುತ್ತಿದ್ದರೆ ಅದಕ್ಕೆ ಮದ್ದು ಟೈರು, ಸ್ಪ್ರಿಂಗಲ್ಲ. ಅದೂ ಅರ್ಧಕ್ಕೆ ಅರ್ಧ: 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 ಆರ್ 15ರದ್ದು ಸುಮಾರು 733. ವ್ಯಾಸ 30 ಮಿ.ಮೀ. ಹೆಚ್ಚಿದರೆ ಗುಂಡು ಏಳುವುದು 15 ಮಾತ್ರ. ಜೊತೆಗೆ ಗೇರು ಶೇಕಡಾ ನಾಲ್ಕರಷ್ಟು ಉದ್ದವಾಗಿ, ಏರಿನಲ್ಲಿ ಕ್ಲಚ್ಚಿಗೆ ಅಷ್ಟು ಶ್ರಮ ಹೆಚ್ಚುತ್ತದೆ. ಮುಂದಿನ ಬಂಪರ್, ಹಿಂದಿನ ಕೊಕ್ಕೆ ಅಥವಾ ಮಧ್ಯದ ಹೊಟ್ಟೆ ತಾಗುವುದಾದರೆ ಮಾತ್ರ ಸ್ಪ್ರಿಂಗು, ಸ್ಪೇಸರಿನ ಮಾತು.

ಇನ್ನೊಂದು ಪ್ರಶ್ನೆ: ಗಾಡಿ ಹುಟ್ಟಿನಿಂದಲೇ ಗಿಡ್ಡವೋ, ಅಥವಾ ಹೊರೆ ಹೊತ್ತು ಕುಸಿದಿದೆಯೋ? ಸಮನಾದ ಕಣದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತಗಳೆಲ್ಲ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತವೆ. ಖಾಲಿ ಇರುವಾಗ ಒಮ್ಮೆ, ಕೊಯ್ಲಿನ ಪೂರ್ತಿ ಹೊರೆ ಹೇರಿ ಇನ್ನೊಮ್ಮೆ ಅಳೆದು ಬರೆದಿಡಿ. ಎಡಬಲಕ್ಕೆ ವ್ಯತ್ಯಾಸ ಕಂಡರೆ ಒಂದು ಸ್ಪ್ರಿಂಗು ಸೋತಿದೆ ಅಥವಾ ಪಟ್ಟಿ ಮುರಿದಿದೆ ಎಂದು ತಿಳಿಯಬೇಕು. ಹತ್ತು ಹದಿನೈದು ವರ್ಷ ದುಡಿದ ಬಹಳಷ್ಟು ಗಾಡಿಗಳಿಗೆ ಬೇಕಿರುವುದು ಹೊಸ ಎತ್ತರವಲ್ಲ, ಕಳೆದುಕೊಂಡ ಹಳೆಯ ಎತ್ತರ. ಕಂಪನಿ ಅಳತೆಯ ಹೊಸ ಸ್ಪ್ರಿಂಗು ಹಾಕಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಸ್ಪೇಸರೆಂದರೆ ಕಾಯಿಲ್ ಸ್ಪ್ರಿಂಗಿನ ತುದಿಗೆ ಇಡುವ ರಬ್ಬರ್, ನೈಲಾನ್ ಅಥವಾ ಅಲ್ಯೂಮಿನಿಯಮ್ ಬಿಲ್ಲೆ. ಬೆಲೆ ಕಡಿಮೆ, ಕೆಲಸವೂ ಬೇಗ. ಆದರೆ ಅದು ಸ್ಪ್ರಿಂಗಿನ ಬಲವನ್ನು ಏನೂ ಹೆಚ್ಚಿಸುವುದಿಲ್ಲ. ಇದನ್ನು ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಹಿಂದೆ 50 ಕಿಲೋದ ಹತ್ತು ಮೂಟೆ ಹೇರಿದಿರಿ ಎನ್ನಿ. ಒಂದೊಂದು ಸ್ಪ್ರಿಂಗಿನ ಪಾಲಿಗೆ 250 ಕಿಲೋ. ಸ್ಪ್ರಿಂಗು ಒಂದು ಮಿ.ಮೀ. ಕುಗ್ಗಲು 4 ಕಿಲೋ ಬೇಕಾದರೆ ಗಾಡಿ ಸುಮಾರು 62 ಮಿ.ಮೀ. ಕುಸಿಯುತ್ತದೆ. 30 ಮಿ.ಮೀ. ಸ್ಪೇಸರ್ ಇಟ್ಟರೂ ಕುಸಿತ ಅದೇ 62. ಖಾಲಿ ಇರುವಾಗ ಗಾಡಿ 30 ಮೇಲೆ ನಿಲ್ಲುತ್ತದೆ, ಅಷ್ಟೆ. ಅದೇ 5 ಕಿಲೋ ಬಲದ ಸ್ಪ್ರಿಂಗಿಗೆ ಕುಸಿತ 50. ಆದುದರಿಂದ ಹೊರೆ ಹೊರುವ ಹಿಂಭಾಗಕ್ಕೆ ಬಲವಾದ ಸ್ಪ್ರಿಂಗೇ ಉತ್ತರ. ಮುಂದೆ ವಿಂಚು, ಕಬ್ಬಿಣದ ಬಂಪರ್ ಮುಂತಾಗಿ ಸದಾ ಇರುವ ತೂಕದಿಂದ ಮೂತಿ ತಗ್ಗಿದ್ದರೆ ಸಣ್ಣ ಸ್ಪೇಸರ್ ಸಾಕಾಗಬಹುದು.

ಬಲ ಎಂದಾಕ್ಷಣ ಅತಿಯಾಗಿ ಹಾಕುವವರುಂಟು. ಕಾಯಿಲಿನ ಬಲ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ: 12 ಮಿ.ಮೀ. ತಂತಿಯ ಬದಲು ಅದೇ ಸುತ್ತಳತೆಯ, ಅಷ್ಟೇ ಸುತ್ತುಗಳ 13 ಮಿ.ಮೀ. ತಂತಿ ಬಂದರೆ ಬಲ ಶೇಕಡಾ 37ರಷ್ಟು ಹೆಚ್ಚು. ಲೀಫ್ ಸ್ಪ್ರಿಂಗಿನ ಪಟ್ಟಿಯಲ್ಲಿ ದಪ್ಪದ ಮೂರನೆಯ ಘಾತ: 6 ಮಿ.ಮೀ. ಪಟ್ಟಿಗಿಂತ 7 ಮಿ.ಮೀ. ಪಟ್ಟಿ ಒಂದೂವರೆ ಪಟ್ಟಿಗೂ ಮಿಕ್ಕಿ ಬಿಗಿ. ವರ್ಷದಲ್ಲಿ ಮೂರು ತಿಂಗಳ ಹೊರೆಗಾಗಿ ಕಟ್ಟಿಸಿದ ಗಟ್ಟಿ ಸ್ಪ್ರಿಂಗು ಉಳಿದ ಒಂಬತ್ತು ತಿಂಗಳು ಖಾಲಿ ಗಾಡಿಯನ್ನು ಕುಪ್ಪಳಿಸುತ್ತದೆ. ಚಕ್ರ ನೆಲ ಬಿಟ್ಟು ಏರಿನಲ್ಲಿ ಹಿಡಿತವೂ ತಪ್ಪುತ್ತದೆ. ಬೆನ್ನಿನ ಮಾತು ಹೇಳುವುದೇ ಬೇಡ.

ಹಳೆಯ ಮಹೀಂದ್ರಾ ಜೀಪು ಮತ್ತು ಜಿಪ್ಸಿಗೆ ನಾಲ್ಕೂ ಕಡೆ, ಬೊಲೆರೊಗೆ ಹಿಂದೆ ಲೀಫ್ ಸ್ಪ್ರಿಂಗು. ಇಲ್ಲಿ ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು ಸಾಮಾನ್ಯ ಕ್ರಮ, ಹೊರೆಗೆ ಒಳ್ಳೆಯದೇ. ಹಳೆಯ ಪಟ್ಟಿಗಳನ್ನು ಬಡಿದು ಬಾಗಿಸಿಕೊಟ್ಟರೆ ಕೆಲಕಾಲ ಎದ್ದು ನಿಂತು ಮತ್ತೆ ಕೂರುತ್ತವೆ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದರಂತೂ ಉಕ್ಕಿನ ಹದ ಹೋಗಿ ಮುರಿಯುವ ಭಯವಿದೆ. ಉದ್ದದ ಶಾಕಲ್ ಹಾಕುವವರು 50 ಮಿ.ಮೀ. ಉದ್ದಕ್ಕೆ ಸಿಗುವ ಎತ್ತರ 25 ಮಾತ್ರವೆಂದು ಗಮನಿಸಬೇಕು. ಮುಂಭಾಗದಲ್ಲಾದರೆ ಆಕ್ಸಲ್ ತಿರುಚಿಕೊಂಡು ಸ್ಟಿಯರಿಂಗ್ ಅಲೆದಾಡತೊಡಗುತ್ತದೆ. ಆಕ್ಸಲಿಗೂ ಪಟ್ಟಿಗೂ ನಡುವೆ ಇಡುವ ಬ್ಲಾಕನ್ನು ಮುಂದಿನ ಆಕ್ಸಲಿಗೆ ಎಂದಿಗೂ ಇಡತಕ್ಕದ್ದಲ್ಲ, ಬ್ರೇಕು ಒತ್ತಿದಾಗಿನ ತಿರುಚುವಿಕೆಗೆ ಅದು ಜಾರಬಲ್ಲದು. ಸ್ಪ್ರಿಂಗಿನ ಕಟ್ಟು ಆಕ್ಸಲಿನ ಕೆಳಗಿರುವ ಗಾಡಿಗೆ ಬ್ಲಾಕಿಟ್ಟರೆ ಗಾಡಿ ಏಳುವ ಬದಲು ಇಳಿಯುತ್ತದೆ!

2023ರಲ್ಲಿ ಬಂದ ಜಿಮ್ನಿಗೆ ಹಿಂದೆ ಮುಂದೆ ಇಡೀ ಆಕ್ಸಲ್, ಕಾಯಿಲ್ ಸ್ಪ್ರಿಂಗು. ಅಲ್ಲಿ 25ರ ಸ್ಪೇಸರಿಗೆ ಹೆಚ್ಚುಕಡಿಮೆ ಅಷ್ಟೇ ಎತ್ತರ. 2020ರ ಥಾರ್‌ನ ಮುಂಭಾಗದಂತೆ ಚಕ್ರಗಳು ಬಿಡಿಬಿಡಿಯಾಗಿ ಆಡುವ ಗಾಡಿಯಲ್ಲಿ ಹಾಗಲ್ಲ. ಸ್ಪ್ರಿಂಗು ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಸ್ಪೇಸರಿನ ದಪ್ಪಕ್ಕಿಂತ ಹೆಚ್ಚು ಎತ್ತರ ಬರುತ್ತದೆ, ಚಕ್ರ ಕೆಳಗೆ ಜೋತಾಗ ಬಾಲ್ ಜಾಯಿಂಟು ಮತ್ತು ಡ್ರೈವ್ ಶಾಫ್ಟಿನ ಜಾಯಿಂಟುಗಳು ತಮ್ಮ ಮಿತಿಗೆ ಬಂದು ನಿಲ್ಲುತ್ತವೆ. ರಬ್ಬರ್ ಬೂಟು ಹರಿದು ಕೆಸರು ಒಳಹೊಕ್ಕರೆ ಸ್ಪೇಸರಿನಲ್ಲಿ ಉಳಿಸಿದ ಹಣ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಯಾವ ವಿಧಾನವೇ ಆಗಲಿ, ಬ್ರೇಕಿನ ಹೋಸು ಚಕ್ರ ಪೂರ್ತಿ ಜೋತಾಗ ಬಿಗಿಯಾಗಬಾರದು. ಷಾಕ್ ಅಬ್ಸಾರ್ಬರು ಸ್ಪ್ರಿಂಗಿಗಿಂತ ಮೊದಲೇ ಉದ್ದ ಮುಗಿಸಿ ಕಿತ್ತುಬರಬಾರದು. ಕಾಯಿಲಿಗೆ ಸ್ಪೇಸರಿಟ್ಟಾಗ ಬಂಪ್ ಸ್ಟಾಪನ್ನೂ ಅಷ್ಟು ಕೆಳಗಿಳಿಸಬೇಕು, ಇಲ್ಲವಾದರೆ ಗುಂಡಿಗೆ ಬಿದ್ದಾಗ ಸುತ್ತಿಗೆ ಸುತ್ತು ಬಡಿಯುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲಿಗೆ ಸರಳಿನಿಂದ ಜೋಡಿಸಿದ ಬ್ರೇಕಿನ ವಾಲ್ವೊಂದಿದೆ. ಹೊರೆ ಎಷ್ಟಿದೆಯೆಂದು ಅದು ತಿಳಿಯುವುದು ಗಾಡಿಯ ಎತ್ತರದಿಂದ. ಎತ್ತರಿಸಿದ ಮೇಲೆ ಅದನ್ನು ಹೊಂದಿಸದಿದ್ದರೆ ತುಂಬಿದ ಗಾಡಿಯನ್ನೂ ಖಾಲಿಯೆಂದೇ ಬಗೆದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಘಾಟಿ ಇಳಿಯುವವರು ಇದನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಮಗುಚುವ ಅಪಾಯ. ಚಕ್ರಗಳ ಅಂತರದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿಯ ನಿಲುವಿನ ಅಂದಾಜು ಸಿಗುತ್ತದೆ. ಅಂತರ 1300 ಮಿ.ಮೀ., ಎತ್ತರ 650 ಆದರೆ ಫಲ 1. ಭಾರಕೇಂದ್ರ 50 ಮೇಲೇರಿದರೆ 0.93. ಸಂಖ್ಯೆ ಸಣ್ಣದು, ಆದರೆ ನಮ್ಮ ತೋಟದ ದಾರಿ ಗುಡ್ಡದ ಮಗ್ಗುಲಲ್ಲಿ ಕಡಿದದ್ದು, ಒಂದು ಬದಿ ಕಣಿವೆ, ದಾರಿಯೇ ಆ ಕಡೆಗೆ ವಾಲಿರುತ್ತದೆ. ಅದರ ಮೇಲೆ ಟಾಪಿನಲ್ಲಿ ಮೂಟೆ, ಒಳಗೆ ಕೊಯ್ಲಿನ ಆಳುಗಳು. ನನ್ನ ಅಭಿಪ್ರಾಯದಲ್ಲಿ ಹೊರೆಯ ಗಾಡಿಗೆ ಒಂದೂವರೆ ಅಂಗುಲ ಮೀರುವುದು ಬೇಡ. ಉಳಿದದ್ದನ್ನು ಗುದ್ದಲಿಯಿಂದ ಸಾಧಿಸಬಹುದು: ರಸ್ತೆಗೆ ಅಡ್ಡಚರಂಡಿ ತೆಗೆದು, ಕೊರಕಲಿಗೆ ಕಲ್ಲು ತುಂಬಿದರೆ ಎಲ್ಲ ಗಾಡಿಗಳಿಗೂ ಎತ್ತರ ಬಂದಂತೆಯೇ.

ಕಾನೂನಿನ ಕಡೆಗೂ ಗಮನವಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಯಿತು. ಅಪಘಾತವಾದಾಗ ವಿಮೆಯವರೂ ಇದನ್ನೇ ಎತ್ತಬಹುದು. ಆದ್ದರಿಂದ ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿಕೊಳ್ಳಿ.

ಕೆಲಸ ಮಾಡಿಸುವಾಗ ಹಳೆಯ ಯು-ಬೋಲ್ಟುಗಳನ್ನೇ ಮತ್ತೆ ಹಾಕಲು ಬಿಡಬೇಡಿ. ಹೊಸವನ್ನೂ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ಮಾಡಿಸಿ, ಅಂದೇ ಚಕ್ರದ ಅಲೈನ್‌ಮೆಂಟನ್ನೂ ದೀಪಗಳ ಕೋನವನ್ನೂ ಸರಿಪಡಿಸಿಕೊಳ್ಳಿ.