ಅಧ್ಯಾಪಕನ ಅಭಿಪ್ರಾಯ

ಗುರುವಿನ ಮಾತಿಗೆ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ವಿಶೇಷವಾದ ಗೌರವವುಂಟು. ತಂದೆತಾಯಿಗಳ ಮಾತನ್ನು ಒಪ್ಪದ ಮಗುವೂ ‘ನಮ್ಮ ಮೇಷ್ಟ್ರೇ ಹೇಳಿದ್ದಾರೆ’ ಎಂದು ಹಟ ಹಿಡಿಯುವುದುಂಟು. ಈ ಗೌರವ ಅಧ್ಯಾಪಕನ ಭಾಗ್ಯ. ಅವನ ಹೊಣೆಯೂ ಹೌದು. ಇಷ್ಟು ತೂಕದ ಮಾತನ್ನಾಡುವವನು ತನ್ನ ಸ್ವಂತ ಅಭಿಪ್ರಾಯವನ್ನು ತರಗತಿಯಲ್ಲಿ ಎಷ್ಟರಮಟ್ಟಿಗೆ ಹೇಳಬಹುದು? ಈ ಪ್ರಶ್ನೆಯನ್ನು ನನಗೆ ಕಲಿಸಿದವನು ಒಬ್ಬ ವಿದ್ಯಾರ್ಥಿ.

ನಾನು ವೃತ್ತಿಗೆ ಸೇರಿದ ಹೊಸತು. ಒಂಬತ್ತನೆಯ ತರಗತಿಯಲ್ಲಿ ‘ಮರಣದಂಡನೆ ಇರಬೇಕೆ?’ ಎಂಬ ವಿಷಯವನ್ನು ಪ್ರಬಂಧಕ್ಕೆ ಕೊಟ್ಟೆ. ಅತ್ಯಂತ ವಿರಳವಾದ ಪ್ರಕರಣಗಳಲ್ಲಿ ಮಾತ್ರ ಅದನ್ನು ವಿಧಿಸಬಹುದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತ್ತು. ಐವರು ನ್ಯಾಯಮೂರ್ತಿಗಳ ಆ ಪೀಠದಲ್ಲಿಯೇ ಒಬ್ಬರು ಭಿನ್ನಮತ ತಾಳಿದ್ದರು. ಪ್ರಾಜ್ಞರಿಗೂ ಒಮ್ಮತವಿಲ್ಲದ ಆ ವಿಷಯದಲ್ಲಿ ನಾನು ಎರಡು ಪಕ್ಷಗಳನ್ನೂ ಮುಂದಿಡಲಿಲ್ಲ. ‘ಕೊಂದವನನ್ನು ಕೊಲ್ಲುವ ರಾಜ್ಯವು ಅವನಿಗಿಂತ ಮೇಲಲ್ಲ’ ಎಂದು ಆವೇಶದಿಂದ ಹೇಳಿಬಿಟ್ಟೆ.

ಮರುವಾರ ಪ್ರಬಂಧಗಳನ್ನು ತಿದ್ದಲು ಕುಳಿತರೆ ಪುಸ್ತಕ ಪುಸ್ತಕದಲ್ಲಿಯೂ ನನ್ನದೇ ವಾಕ್ಯ! ಒಬ್ಬ ಹುಡುಗನು ಮಾತ್ರ ಮೊದಲ ಸಾಲನ್ನು ಬರೆದು ಹೊಡೆದುಹಾಕಿದ್ದನು. ಬೆಳಕಿಗೆ ಹಿಡಿದು ಓದಿದೆ. ‘ನನ್ನ ಚಿಕ್ಕಪ್ಪನನ್ನು ಕೊಂದವರಿಗೆ...’ ಎಂದು ಅವನು ಆರಂಭಿಸಿದ್ದನು. ಅದರ ಕೆಳಗೆ ನನ್ನ ವಾಕ್ಯವನ್ನು ದುಂಡಾದ ಅಕ್ಷರಗಳಲ್ಲಿ ಬರೆದಿದ್ದನು. ಅವನು ನನ್ನ ಅಭಿಪ್ರಾಯವನ್ನು ಒಪ್ಪಿರಲಿಲ್ಲ. ನನ್ನ ಕೈಯಲ್ಲಿದ್ದ ಅಂಕಗಳಿಗೆ ಅಂಜಿದ್ದನು.

ಒಬ್ಬ ಅಧ್ಯಾಪಕನ ಅವಿವೇಕದಿಂದ ಒಂದು ತರಗತಿ ಮೂಕವಾದರೆ, ಸರ್ಕಾರದ ಅವಿವೇಕದಿಂದ ಒಂದು ಪೀಳಿಗೆಯೇ ದಾರಿ ತಪ್ಪಬಲ್ಲುದು. 1933ರಿಂದ 1945ರವರೆಗೆ ನಾಜಿಗಳ ಆಳ್ವಿಕೆಯಲ್ಲಿದ್ದ ಜರ್ಮನಿಯಲ್ಲಿ ಶಾಲೆಗಳು ಪಕ್ಷಪ್ರಚಾರದ ಸಾಧನಗಳಾದವು. ಮನೋರೋಗಿಗಳನ್ನು ಸಾಕಲು ರಾಷ್ಟ್ರಕ್ಕೆ ತಗಲುವ ವೆಚ್ಚವೆಷ್ಟೆಂದು ಮಕ್ಕಳಿಂದ ಲೆಕ್ಕ ಮಾಡಿಸಿ, ಗಣಿತದಲ್ಲಿಯೂ ದ್ವೇಷವನ್ನು ಬೆರೆಸಲಾಯಿತು. ಇಂತಹ ಇತಿಹಾಸವುಳ್ಳ ದೇಶದಲ್ಲಿ, 1976ರಲ್ಲಿ, ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಭಿನ್ನ ಒಲವುಗಳ ಶಿಕ್ಷಣತಜ್ಞರು ಒಂದುಗೂಡಿದರು. ಅಲ್ಲಿಯ ಚರ್ಚೆಯಿಂದ ಮೂರು ನಿಯಮಗಳು ಮೂಡಿದವು. ವಿದ್ಯಾರ್ಥಿಯ ಮೇಲೆ ಅಭಿಪ್ರಾಯವನ್ನು ಹೇರಬಾರದು. ಲೋಕದಲ್ಲಿ ವಿವಾದಾಸ್ಪದವಾದುದನ್ನು ತರಗತಿಯಲ್ಲಿಯೂ ವಿವಾದಾಸ್ಪದವೆಂದೇ ತಿಳಿಸಬೇಕು. ವಿದ್ಯಾರ್ಥಿಯು ತನ್ನ ಹಿತವನ್ನು ತಾನೇ ವಿವೇಚಿಸಿ ನಡೆದುಕೊಳ್ಳಲು ಶಕ್ತನಾಗಬೇಕು.

ಹಾಗೆಂದು ಅಧ್ಯಾಪಕನು ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1925ರಲ್ಲಿ ಮಾನವವಿಕಾಸವನ್ನು ಕಲಿಸಿದನೆಂಬ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಅಧ್ಯಾಪಕನಿಗೆ 100 ಡಾಲರ್ ದಂಡ ವಿಧಿಸಲಾಯಿತು. ವಿಕಾಸವಾದವು ಅವನ ಸ್ವಂತ ಅಭಿಪ್ರಾಯವಾಗಿರಲಿಲ್ಲ. ಸಾಕ್ಷ್ಯಾಧಾರಗಳ ಮೇಲೆ ನಿಂತ ವಿಜ್ಞಾನವಾಗಿತ್ತು. ಆ ಕಾನೂನು 1967ರಲ್ಲಿ ರದ್ದಾಯಿತು. ಸತ್ಯಾಂಶವನ್ನು ಹೇಳುವಾಗ ಅಧ್ಯಾಪಕನು ಅಳುಕಬೇಕಾಗಿಲ್ಲ. ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಅದರ ಪರವಾಗಿಯೂ ಒಂದು ಮಾತಿರಲಿ ಎನ್ನುವುದು ನಿಷ್ಪಕ್ಷಪಾತವಲ್ಲ, ಅನ್ಯಾಯ.

ಸಂವಿಧಾನದ 19ನೆಯ ವಿಧಿಯು ಎಲ್ಲ ನಾಗರಿಕರಿಗೂ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ, ಅಧ್ಯಾಪಕನೂ ನಾಗರಿಕನೇ. ಆದರೆ ತರಗತಿಯು ಸಾರ್ವಜನಿಕ ಸಭೆಯಲ್ಲ. ಸಭೆಯಲ್ಲಿ ಒಪ್ಪಿಗೆಯಾಗದವನು ಎದ್ದು ಹೋಗಬಹುದು, ವಿದ್ಯಾರ್ಥಿಯು ಹೋಗಲಾರ. ರಾಜ್ಯದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೆಯ ವಿಧಿಯು ಹೇಳಿರುವುದರ ಹಿಂದೆಯೂ ಇಂತಹ ಎಚ್ಚರವಿದೆ.

ಮರುದಿನ ಆ ಹುಡುಗನನ್ನು ಒಬ್ಬನನ್ನೇ ಕರೆದು, “ನೀನು ಹೊಡೆದುಹಾಕಿದ್ದನ್ನೇ ಬರೆದು ತಾ” ಎಂದೆ. “ತಮಗೆ ಬೇಸರವಾಗುವುದಿಲ್ಲವೆ, ಸಾರ್?” ಎಂದು ಅವನು ಕೇಳಿದನು. ಆ ಪ್ರಶ್ನೆಯಿಂದ ನಾನು ತಲೆತಗ್ಗಿಸಿದೆ. ಅವನು ನಾಲ್ಕು ಪುಟ ಬರೆದು ತಂದನು. ಅದನ್ನು ಓದಿದ ಮೇಲೂ ನನ್ನ ಅಭಿಪ್ರಾಯವು ಬದಲಾಗಲಿಲ್ಲ. ಕಲಿಸುವ ರೀತಿ ಬದಲಾಯಿತು. ಅಂದಿನಿಂದ ಎರಡು ಪಕ್ಷಗಳನ್ನೂ ಹೇಳಿ, ಮಕ್ಕಳ ಮಾತನ್ನು ಕೇಳಿ, ಅವರು ಕೇಳಿದರೆ ಮಾತ್ರ ಕೊನೆಯಲ್ಲಿ ‘ಇದು ನನ್ನ ಅಭಿಪ್ರಾಯ, ನೀವು ಒಪ್ಪಬೇಕೆಂದಿಲ್ಲ’ ಎನ್ನುತ್ತಿದ್ದೆ.

ಗುರುವನ್ನು ಗೌರವಿಸುವುದೆಂದರೆ ಅವನ ಮಾತನ್ನು ಗಿಳಿಯಂತೆ ಒಪ್ಪಿಸುವುದಲ್ಲ. ಶಿಷ್ಯನು ತಾನು ಬರೆದ ಸಾಲನ್ನು ಅಂಜಿ ಹೊಡೆದುಹಾಕದಂತಹ ತರಗತಿಯಲ್ಲಿ ವಿದ್ಯೆಯು ಬೆಳೆಯುತ್ತದೆ.