ವಾರಕ್ಕೆ ನಾಲ್ಕು ಸಾಕು

ಪ್ರತಿ ಶನಿವಾರ ಸಂಜೆ ಸೇಡಂ ತಾಲ್ಲೂಕಿನ ಆಡಕಿಯಿಂದ ನಾನೊಂದು ಪಟ್ಟಿ ಕಳಿಸುತ್ತೇನೆ: ಒಂದು ಸಿನಿಮಾ, ಒಂದು ಪುಸ್ತಕ, ಒಂದು ಹಾಡು, ಒಂದು ಆಟದ ವಿಡಿಯೊ. ಅದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಗೆಳೆಯರಿಗೂ ನೆಂಟರಿಗೂ ಹೋಗುತ್ತದೆ. ಅವರಲ್ಲಿ ಸಿಮೆಂಟ್ ಫ್ಯಾಕ್ಟರಿಯವರಿದ್ದಾರೆ, ಪರ್ಸಿ ಕಲ್ಲಿನ ಖಣಿಯವರಿದ್ದಾರೆ, ರೈಲ್ವೆಯವರು, ತೊಗರಿ ಬೆಳೆಯುವವರೂ ಇದ್ದಾರೆ. ಮೊಬೈಲ್ ತಾನಾಗಿಯೇ ದಿನವಿಡೀ ಏನೇನೋ ತೋರಿಸುತ್ತಿರುವಾಗ ಇದೇಕೆ ಬೇಕು ಎಂದು ಕೇಳುವವರುಂಟು. ಬೇಕು. ಯಾರ ಮನೆಯಲ್ಲಿ ರಾಶಿ ನಡೆದಿದೆ, ಯಾರಿಗೆ ರಾತ್ರಿ ಪಾಳಿ ಬಿದ್ದಿದೆ ಎಂಬುದು ಗೊತ್ತಿರುವವರು ಹೇಳಿದರೆ ಆ ಮಾತಿಗೆ ಬೆಲೆಯೇ ಬೇರೆ. ಈ ಕೆಲಸ ನನಗೆ ಕಲಿಸಿದ ಪಾಠಗಳು ಇವು.

1. ನಾಲ್ಕರ ಗೆರೆ ದಾಟಬೇಡಿ. ಪಟ್ಟಿ ಉದ್ದವಾದಷ್ಟೂ ಯಾವುದನ್ನೂ ತೆರೆಯದೆ ಬಿಡುವವರು ಹೆಚ್ಚುತ್ತಾರೆ. ಚೆನ್ನಾಗಿರುವ ಐದನೆಯದು ಮುಂದಿನ ವಾರಕ್ಕಿರಲಿ.

2. ಕೊನೆಯವರೆಗೆ ನೋಡಿದ್ದನ್ನು, ಓದಿದ್ದನ್ನು ಮಾತ್ರ ಹೇಳಿ. ಯಾಕೆ ಹೇಳುತ್ತಿದ್ದೀರಿ ಎಂಬುದಕ್ಕೆ ಒಂದೇ ಸಾಲು ಬರೆಯಿರಿ. ಆ ಸಾಲು ಹೊಳೆಯದಿದ್ದರೆ ಆ ಪುಸ್ತಕ ನಿಮಗಿನ್ನೂ ದಕ್ಕಿಲ್ಲ ಎಂದೇ ತಿಳಿಯಿರಿ.

3. ಜನರ ಕೆಲಸದ ವೇಳೆ ತಿಳಿದುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಮುಂಜಾನೆ ಮನೆಗೆ ಬಂದವರಿಗೆ ಎರಡೂವರೆ ತಾಸಿನ ಸಿನಿಮಾ ಹೇಳುವುದು ತರವಲ್ಲ, ಒಂದು ಹಾಡು ಸಾಕು. ತೊಗರಿ ರಾಶಿಯ ದಿನಗಳಲ್ಲಿ ನಾನು ಕಾದಂಬರಿಯ ಹೆಸರೆತ್ತುವುದಿಲ್ಲ, ಸಣ್ಣಕಥೆ ಹೇಳುತ್ತೇನೆ. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯನ್ನು ಬೇಸಿಗೆಗೆಂದೇ ಕಾದಿಟ್ಟಿದ್ದೆ. ಹೊಲದ ಕೆಲಸ ಕಡಿಮೆ, ಬಿಸಿಲಿಗೆ ಹೊರಗೆ ಕಾಲಿಡಲಾಗದು, ಮಧ್ಯಾಹ್ನ ಉದ್ದ. ಕಲಬುರಗಿ ಸೀಮೆಯ ಮಾತು ತುಂಬಿರುವ ಆ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಅಡುಗೆಮನೆಯ ಮಾತು ಅಚ್ಚಿನಲ್ಲಿ ಹೀಗೆ ಕಾಣುತ್ತದೆಯೇ ಎಂದು ಓದಿದವರು ಬೆರಗಾದರು.

4. ಒಂದಕ್ಕೊಂದು ಜೋಡಿಸಿ ಕೊಡಿ. ನಮ್ಮದು ತೆಲಂಗಾಣದ ಗಡಿ, ಕನ್ನಡದ ಜೊತೆ ತೆಲುಗು, ಉರ್ದು ಎಲ್ಲವೂ ಕಿವಿಗೆ ಬಿದ್ದಿರುತ್ತವೆ. ಹಾಗಾಗಿ 2016ರಲ್ಲಿ ತೆರೆಗೆ ಬಂದ ರಾಮ್ ರೆಡ್ಡಿಯವರ ‘ತಿಥಿ’ಯನ್ನೂ 2023ರ ತೆಲುಗು ಚಿತ್ರ ‘ಬಲಗಂ’ ಅನ್ನೂ ಬೆನ್ನುಬೆನ್ನಿಗೆ ಹೇಳಿದೆ. ಎರಡರಲ್ಲೂ ಮನೆಯ ಹಿರಿಯ ತೀರಿಕೊಳ್ಳುತ್ತಾನೆ, ಎರಡೂ ಹನ್ನೊಂದನೆಯ ದಿನದತ್ತ ಸಾಗುತ್ತವೆ. ಮಂಡ್ಯದ ಹಳ್ಳಿಯಲ್ಲಿ ಮೊಮ್ಮಗ ಜಮೀನು ಮಾರಲು ಓಡಾಡುತ್ತಾನೆ. ತೆಲಂಗಾಣದ ಹಳ್ಳಿಯಲ್ಲಿ ಕಾಗೆ ಪಿಂಡ ಮುಟ್ಟದಿದ್ದಾಗ ಮನೆಮಂದಿ ತಮ್ಮ ಹಳೆಯ ಜಗಳ ನೆನೆಯುತ್ತಾರೆ. ಎರಡನ್ನೂ ನೋಡಿದವರು ತಮ್ಮ ಮನೆಯ ಮಾತು ತೆಗೆದರು. ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನವೂ ಹೀಗೆಯೇ ಒದಗುತ್ತದೆ. ಅದರ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ‘ಡೇರ್‌ಡೆವಿಲ್ ಮುಸ್ತಫಾ’ 2023ರಲ್ಲಿ ತೆರೆಗೆ ಬಂತು. ಕಥೆ ಮೊದಲು, ಸಿನಿಮಾ ಆಮೇಲೆ ಎಂದು ಹೇಳಿ.

5. ಓದು ಬರೆಹ ಬಾರದವರನ್ನು ಬಿಡಬೇಡಿ. ನಮ್ಮೋಣಿಯ ಅಜ್ಜಿಯೊಬ್ಬರು ದಾರಿಯಲ್ಲಿ ಸಿಕ್ಕಾಗಲೆಲ್ಲ, “ಯಪ್ಪಾ, ಈ ವಾರ ಏನ್ ಹಾಡದ?” ಎಂದು ಕೇಳುತ್ತಾರೆ. ಅಂಥವರಿಗೆ ಆ ಒಂದು ಸಾಲನ್ನು ಧ್ವನಿಯಲ್ಲಿ ಹೇಳಿ ಕಳಿಸುತ್ತೇನೆ. ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ ಹೇಳಿದ ವಾರ ಹಿರಿಯರೇ ನನಗೆ ಅರ್ಥ ಬಿಡಿಸಿ ಹೇಳುತ್ತಾರೆ.

6. ಆಟದ ವಿಡಿಯೊ ಕೊಟ್ಟರೆ ಎಲ್ಲಿ ಕಣ್ಣಿಡಬೇಕೆಂದೂ ಹೇಳಿ. ಹುಡುಗರಿಗೆ ಸಿಕ್ಸರ್ ಹುಡುಕಿಕೊಡಬೇಕಿಲ್ಲ, ಅವು ತಾವೇ ಸಿಗುತ್ತವೆ. ನಾನು 1999ರ ನೈರೋಬಿ ಪಂದ್ಯ ಹೇಳಿದೆ: ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾ ಎದುರು 10 ಓವರ್ ಹಾಕಿ, 6 ಮೇಡನ್ ಮಾಡಿ, ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದ ಪಂದ್ಯ. ಚೆಂಡನ್ನು ಬಿಟ್ಟು ಬ್ಯಾಟ್ಸ್‌ಮನ್‌ನ ಕಾಲು ನೋಡಿ ಎಂದೆ. ಮುಂದೆ ಬರಲೋ ಹಿಂದೆ ಸರಿಯಲೋ ಎಂದು ಆ ಕಾಲು ಅನುಮಾನಿಸುವುದನ್ನು ಕಂಡ ಹುಡುಗ ಸ್ಪಿನ್ ಎಂದರೇನೆಂದು ತಾನೇ ತಿಳಿಯುತ್ತಾನೆ.

7. ಕದ್ದ ಪ್ರತಿ ಕಳಿಸಬೇಡಿ. ಪುಸ್ತಕದ ಪಿಡಿಎಫ್ ಹಂಚುವ ಬದಲು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ತಿಳಿಸಿ. ಒಂದು ಪ್ರತಿ ಕೊಂಡು ನಾಲ್ಕು ಮನೆ ಸುತ್ತಿಸಿ, ಕೊನೆಗೆ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ.

8. ಹೆಸರು ಬರೆದಿಡಿ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದಾಗ ತನಗಿಂತ ಹಿಂದಿನ ಕನ್ನಡ ಬರೆಹಗಾರರನ್ನು ಹೆಸರಿಸಿದ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂದ. ಅವರ ಕನ್ನಡ ಗದ್ಯ ನಮಗೆ ಉಳಿದಿಲ್ಲ. ಅವರು ಕನ್ನಡದಲ್ಲಿ ಗದ್ಯ ಬರೆದಿದ್ದರೆಂಬುದು ನಮಗೆ ತಿಳಿದಿರುವುದು ಆ ಉಲ್ಲೇಖದಿಂದಲೇ. ಆದ್ದರಿಂದ “ಒಂದು ಒಳ್ಳೆ ಹಾಡದ, ಕೇಳ್ರಿ” ಎಂದಷ್ಟೇ ಬರೆದರೆ ಸಾಲದು. ಪದ ಯಾರದು, ಹಾಡಿದವರು ಯಾರು, ನಿರ್ದೇಶಕರು ಯಾರು, ಯಾವ ವರ್ಷದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ದಾಖಲಿಸಿ. ನಿಮ್ಮೂರಿನ ಭಜನಾ ಮಂಡಳಿಯವರು ಹಾಡಿದ ಪದ ಮೆಚ್ಚಿಕೊಂಡರೆ, ಅವರನ್ನು ಕೇಳಿ, ಅವರ ಹೆಸರನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ದೊಡ್ಡ ಗಾಯಕರ ಹೆಸರಿನ ಪಕ್ಕದಲ್ಲಿ ಕೂರುವ ಅರ್ಹತೆ ಅವರಿಗೂ ಇದೆ.